ಬಾಣಂತಿ ಕೋಣೆಯ ಕಿಟಕಿ

ನನ್ನ ಮಗಳು ಹುಟ್ಟಿದ್ದು ಏಪ್ರಿಲ್ ಎರಡನೇ ವಾರದಲ್ಲಿ, ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ. ಎಂಟನೇ ದಿನ ಅವಳನ್ನು ಎತ್ತಿಕೊಂಡು ಮೂಡಿಗೆರೆಯ ಮನೆಗೆ ಬಂದೆವು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಿತ್ತು. ಆದರೆ ನನಗೆ ಏಳು ತಿಂಗಳು ತುಂಬಿದಾಗ ಕಡೂರಿನಲ್ಲಿ ನನ್ನಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಎದ್ದು ಕೂರುವುದಕ್ಕೂ ಇನ್ನೊಬ್ಬರ ಕೈ ಬೇಕಾದವಳು ನನ್ನನ್ನೂ ಮಗುವನ್ನೂ ನೋಡಿಕೊಳ್ಳುವುದೆಲ್ಲಿ ಬಂತು. ನನ್ನ ಅತ್ತೆ, ಅಂದರೆ ಗಂಡನ ತಾಯಿ, ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಅತ್ತೆಯ ಅಕ್ಕ, ನಾವೆಲ್ಲ ದೊಡ್ಡಮ್ಮ ಎಂದು ಕರೆಯುವವರು, ಬಾಣಂತನ ಮಾಡಲು ಕಳಸದ ಆಚೆಯಿಂದ ಬಂದರು.

ದೊಡ್ಡಮ್ಮನಿಗೆ ಆಗ ಅರವತ್ತೆಂಟು ವರ್ಷ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಅವರ ಮನೆ. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು. ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಜೊತೆಗೇ ಇದ್ದಾರೆ. ಗಿಡ್ಡ ಆಳು, ಗಟ್ಟಿ ಮುಂಗೈ. ನೆಂಟರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲ ಫೋನು ಅವರಿಗೆ ಹೋಗುತ್ತಿತ್ತು. ಬೆಳಗಿನ ಬಸ್ಸಿಗೆ ಬಂದಿಳಿದವರು ಕೈಕಾಲು ತೊಳೆದು, ನೀರು ಕುಡಿದು, ಕೂತಲ್ಲೇ ಬ್ಯಾಗು ಬಿಚ್ಚಿದರು. ಬಜೆ, ಒಣಶುಂಠಿ, ತಮ್ಮದೇ ತೋಟದ ಕಾಳುಮೆಣಸು, ಒಂದು ಬಾಟಲಿ ಕೊಬ್ಬರಿ ಎಣ್ಣೆ, ಅದರ ಅಡಿಯಲ್ಲಿ ಹಳೇ ಪಂಚೆಗಳ ದೊಡ್ಡ ಗಂಟು.

"ಅಂಗಡಿ ಬಟ್ಟೆ ಮಗುಗೆ ಚುಚ್ತದೆ," ಎಂದರು. "ಇದು ನಮ್ಮನೆ ಯಜಮಾನ್ರು ಉಟ್ಟು ಹಳೇದಾದ ಪಂಚೆ. ಎಷ್ಟು ಸಲ ಒಗೆದಿದೀನೋ ನಂಗೇ ಗೊತ್ತಿಲ್ಲ. ಮುಟ್ಟಿ ನೋಡು."

ಮುಟ್ಟಿ ನೋಡಿದೆ. ಬೆಣ್ಣೆಯ ಹಾಗಿತ್ತು. ಆ ಕ್ಷಣಕ್ಕೆ ನನಗೆ, ಇನ್ನು ಹೆದರಬೇಕಾದ್ದಿಲ್ಲ ಅನ್ನಿಸಿತು.

ನಮ್ಮ ಮನೆ ಪೇಟೆಯೊಳಗೆ, ಅಂಗಡಿಯ ಮೇಲೆ. ಕೆಳಗೆ ನನ್ನ ಗಂಡ ತೋಟಗಳಿಗೆ ಬೇಕಾಗುವ ಪೈಪು, ಸ್ಪ್ರೇಯರು, ಗಿಡ ಸವರುವ ಕತ್ತರಿ ಮಾರುತ್ತಾರೆ. ಮೇಲೆ ನಾವಿರುವ ಮೂರು ಕೋಣೆ. ಕಟ್ಟಿ ಆಗ ಎರಡು ವರ್ಷವಾಗಿತ್ತು. ಮೇಲೆ ಚಪ್ಪಟೆ ತಾರಸಿ, ಕೆಳಗೆ ನುಣ್ಣನೆ ಟೈಲ್ಸು, ಕಿಟಕಿಗೆ ಜಾರಿಸಿ ಮುಚ್ಚುವ ಗಾಜು. ಮುಚ್ಚಿದರೆ ಬಸ್‌ಸ್ಟ್ಯಾಂಡಿನ ಹಾರನ್ನೂ ಕೇಳದಷ್ಟು ಭದ್ರ. ಮನೆ ತೋರಿಸುವಾಗ ನನ್ನ ಗಂಡ ಇದನ್ನು ಎಲ್ಲರಿಗೂ ಹೇಳುತ್ತಿದ್ದರು.

ನಾನು ಬಯಲುಸೀಮೆಯವಳು. ಕಡೂರಿನ ಬೇಸಿಗೆ ಬೆಂಕಿ, ಆದರೆ ಒಣ ಬೆಂಕಿ. ಬೆವರು ಬಂದಷ್ಟೇ ಬೇಗ ಆರಿಹೋಗುತ್ತದೆ, ಒಗೆದ ಸೀರೆ ಅರ್ಧ ಗಂಟೆಯಲ್ಲಿ ಹಪ್ಪಳ. ಮಲೆನಾಡಿನ ಬೇಸಿಗೆ ತಂಪಾಗಿರುತ್ತದೆ ಎಂದು ಅಲ್ಲಿ ಕೂತು ಅಂದುಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ ತಿಳಿಯಿತು, ಕಾಫಿ ಹೂವಾಗಿ ಉದುರಿ, ಒಂದೆರಡು ಗುಡುಗು ಮಳೆಯಾದ ಮೇಲೆ ಬರುವ ಸೆಕೆಯೇ ಬೇರೆ. ಮಧ್ಯಾಹ್ನದವರೆಗೆ ಬಿಸಿಲು ಸುಡುತ್ತದೆ. ಮೂರು ಗಂಟೆಗೆ ಕೊಟ್ಟಿಗೆಹಾರದ ಕಡೆಯಿಂದ ಮೋಡ ಏರಿ ಬರುತ್ತದೆ. ಅರ್ಧ ಗಂಟೆ ಸುರಿದು ಹೋದರೆ ಕಾದ ನೆಲದಿಂದ ಹಬೆ ಏಳುತ್ತದೆ. ಬಟ್ಟೆ ಒಣಗುವುದಿಲ್ಲ, ಬೆವರೂ ಒಣಗುವುದಿಲ್ಲ.

ದೊಡ್ಡಮ್ಮ ಬಂದ ದಿನವೇ ಬಾಣಂತಿ ಕೋಣೆ ಸಿದ್ಧವಾಯಿತು. ಎರಡೂ ಕಿಟಕಿ ಮುಚ್ಚಿದರು. ಗಾಜಿನ ಸಂದಿಗೆ ಬಟ್ಟೆ ತುರುಕಿದರು. ಫ್ಯಾನಿನ ಸ್ವಿಚ್ಚಿನ ಮೇಲೆ ಪ್ಲಾಸ್ಟರ್ ಅಂಟಿಸಿದರು, ಯಾರೂ ಮರೆತು ಹಾಕಬಾರದು ಎಂದು. ನನ್ನ ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಸ್ಕಾರ್ಫು. ಮಗುವಿಗೆ ಕುಲಾವಿ. ಕೋಣೆಗೆ ಹೊಂದಿಕೊಂಡ ಬಚ್ಚಲಲ್ಲಿ ಬೆಳಿಗ್ಗೆ ನನಗೂ ಮಗುವಿಗೂ ಸುಡುಸುಡು ನೀರಿನ ಸ್ನಾನ. ಆಮೇಲೆ ಸಾಂಬ್ರಾಣಿ ಹೊಗೆ. ಹೊರಗೆ ಮಳೆಯ ನಂಬಿಕೆಯಿಲ್ಲವೆಂದು ಮಗುವಿನ ಬಟ್ಟೆಗಳನ್ನು ಕೋಣೆಯೊಳಗೇ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಒಣಹಾಕುತ್ತಿದ್ದರು. ದಿನಕ್ಕೆ ಇಪ್ಪತ್ತೈದು ಮೂವತ್ತು ತುಂಡು. ನಾನು ಮಂಚದ ಮೇಲೆ ಮಲಗಿ ಆ ಒದ್ದೆ ಬಟ್ಟೆಗಳ ಸಾಲನ್ನೇ ನೋಡುತ್ತಿದ್ದೆ.

ಹೀಗೆ ಹೇಳಿದರೆ ದೊಡ್ಡಮ್ಮ ಹಟಮಾರಿ, ಕಲ್ಲುಮನಸ್ಸಿನವರು ಅನ್ನಿಸಬಹುದು. ಹಾಗಿರಲಿಲ್ಲ. ಮನೆಗೆ ಬಂದ ಮೊದಲ ವಾರ ನನಗೆ ಎದೆಹಾಲು ಸರಿಯಾಗಿ ಬರುತ್ತಿರಲಿಲ್ಲ. ಮಗು ಬಾಯಿ ಹಾಕಿ, ಸಿಗದೆ, ಮುಖ ಕೆಂಪು ಮಾಡಿಕೊಂಡು ಕಿರುಚುತ್ತಿತ್ತು. ಒಂದು ಬೆಳಿಗ್ಗೆ ನಾನೂ ಅದರ ಜೊತೆ ಅಳುವುದಕ್ಕೆ ಶುರು ಮಾಡಿದೆ. ದೊಡ್ಡಮ್ಮ ನನ್ನ ಹಿಂದೆ ಮಂಚದ ಮೇಲೆ ಹತ್ತಿ ಕೂತು, ನನ್ನ ಬೆನ್ನನ್ನು ತಮ್ಮ ಎದೆಗೆ ಒರಗಿಸಿಕೊಂಡು, ನನ್ನ ತೋಳಿನಡಿ ತಮ್ಮ ಕೈ ಹಾಕಿ ಮಗುವಿನ ತಲೆ ಹಿಡಿದರು. "ಅವಸರ ಎಂತಕ್ಕೆ? ನಿಂಗೂ ಹೊಸತು, ಅದಕ್ಕೂ ಹೊಸತು," ಎಂದು ಅಷ್ಟೇ ಹೇಳಿದರು. ಎಷ್ಟು ಹೊತ್ತು ಹಾಗೆ ಕೂತಿದ್ದರೋ. ಕೊನೆಗೆ ಮಗು ಚೀಪುವ ಸದ್ದು ಕೇಳಿಸಿತು. ಅವರ ಕಾಲು ಜೋಮು ಹಿಡಿದು, ಇಳಿಯುವಾಗ ಗೋಡೆ ಹಿಡಿದುಕೊಳ್ಳಬೇಕಾಯಿತು.

ಆದ್ದರಿಂದ ಸೆಕೆಯ ಮಾತು ಎತ್ತುವುದು ನನಗೆ ಸುಲಭವಿರಲಿಲ್ಲ. ಆದರೆ ದೊಡ್ಡಮ್ಮ ಬಂದ ಹತ್ತನೆಯ ದಿನದ ಹೊತ್ತಿಗೆ ತಡೆಯಲಾಗಲಿಲ್ಲ. ಹಾಸಿಗೆ ಯಾವಾಗ ಮುಟ್ಟಿದರೂ ತೇವ. ಸ್ನಾನ ಮುಗಿಸಿ ಬಂದು ಸೀರೆ ಸುತ್ತಿಕೊಳ್ಳುವಷ್ಟರಲ್ಲಿ ಮತ್ತೆ ನೀರಿಳಿಯುತ್ತಿತ್ತು. ಬಚ್ಚಲಿನ ಹಬೆ ಕೋಣೆಗೆ ಬಂದು ಕಿಟಕಿಯ ಗಾಜಿನ ಮೇಲೆ ಹನಿಯಾಗಿ ಕೂತು, ಮಧ್ಯಾಹ್ನದವರೆಗೂ ಹಾಗೇ ಇರುತ್ತಿತ್ತು. ಮೊದಲು ಮಗುವಿನ ಕತ್ತಿನಲ್ಲಿ ನಾಲ್ಕು ಕೆಂಪು ಚುಕ್ಕೆ ಕಂಡವು. ಎರಡು ದಿನಕ್ಕೆ ಬೆನ್ನು, ಕಂಕುಳು, ತೊಡೆಯ ಸಂದಿ, ಎಲ್ಲೆಲ್ಲೂ ಬೆವರುಸಾಲೆ ಎದ್ದಿತು. ಮುಟ್ಟಿದರೆ ಮರಳು ಕಾಗದದ ಹಾಗೆ. ಮಗುವಿಗೆ ನಿದ್ದೆಯಿಲ್ಲ. ಮಲಗಿಸಿದರೆ ಬೆನ್ನು ಹಾಸಿಗೆಗೆ ತಾಗಿ ಎಚ್ಚರವಾಗುತ್ತಿತ್ತು.

"ದೊಡ್ಡಮ್ಮ, ಒಂದೇ ಒಂದು ಬೆರಳಷ್ಟು ಕಿಟಕಿ ತೆಗೀಲಾ?" ಎಂದು ಕೇಳಿದೆ.

"ಹಸಿ ಮೈ ಮಗಾ. ಈಗ ಗಾಳಿ ತಾಗಿದ್ರೆ ಐವತ್ತು ವರ್ಷಕ್ಕೆ ಕೀಲುಕೀಲು ಹಿಡ್ಕೊಳ್ತದೆ. ಅವಾಗ ದೊಡ್ಡಮ್ಮ ಹೇಳ್ಲಿಲ್ಲ ಅನ್ಬೇಡ."

"ನಂಗೆ ಬೇಡ. ಮಗುಗೆ ನೋಡಿ, ಹೇಗೆ ಎದ್ದಿದೆ."

"ಅದು ಕಾವು. ಜೀರಿಗೆ ನೀರು ಕುಡಿ, ನಿನ್ನ ಹಾಲಲ್ಲಿ ಹೋಗ್ತದೆ, ಇಳೀತದೆ."

ಜೀರಿಗೆ ನೀರು ಕುಡಿದೆ. ಇಳಿಯಲಿಲ್ಲ. ಮಾರನೇ ದಿನ ಅವರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಎದ್ದು, ಸಂದಿಯ ಬಟ್ಟೆ ಕಿತ್ತು, ಗಾಜು ಸರಿಸಿದೆ. ಹೊರಗಿನ ಗಾಳಿ ಮುಖಕ್ಕೆ ಬಡಿಯಿತು. ತಣ್ಣಗೇನೂ ಇರಲಿಲ್ಲ, ಬರೀ ಹಗುರವಾಗಿತ್ತು. ಮಗುವನ್ನು ಎತ್ತಿಕೊಂಡು ಅಲ್ಲೇ ನಿಂತುಬಿಟ್ಟೆ. ದೊಡ್ಡಮ್ಮ ಯಾವಾಗ ಬಂದರೋ ತಿಳಿಯಲಿಲ್ಲ. ಅವರು ಬೈಯಲಿಲ್ಲ. ಬಂದು ಕಿಟಕಿ ಮುಚ್ಚಿ, ಬಟ್ಟೆಯನ್ನು ಮತ್ತೆ ಒಂದೊಂದಾಗಿ ಸಂದಿಗೆ ತುರುಕಿ, ಅಡುಗೆಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಕಿಟಕಿಯ ಬುಡದಲ್ಲೇ ಹಾಕಿಕೊಂಡು ಕೂತರು. ಅಂದು ಅವರ ಮಧ್ಯಾಹ್ನದ ಊಟವೂ ಆ ಕುರ್ಚಿಯಲ್ಲೇ ಆಯಿತು. ನನಗೆ ಸಿಟ್ಟು ಬಂದಿತ್ತು, ಜೊತೆಗೆ ತಟ್ಟೆ ಮಡಿಲಲ್ಲಿಟ್ಟುಕೊಂಡು ಕಾವಲು ಕೂತ ಅವರನ್ನು ನೋಡಿ ನಗುವೂ ಬಂದಿತ್ತು. ಎರಡನ್ನೂ ತೋರಿಸಿಕೊಳ್ಳದೆ ಗೋಡೆಯ ಕಡೆ ತಿರುಗಿ ಮಲಗಿದೆ.

ಇನ್ನೊಂದು ವಿಷಯವೂ ದೊಡ್ಡಮ್ಮನ ತಲೆಯಲ್ಲಿತ್ತು. ಮಗು ಮಲಗುವ ಜಾಗದ ಪಕ್ಕ ಒಂದು ಪಿಂಗಾಣಿ ಬಟ್ಟಲಿನಲ್ಲಿ ಒಂದು ಹಿಡಿ ಕಲ್ಲುಪ್ಪು, ಅದರ ಮೇಲೆ ಮೂರು ಒಣಮೆಣಸಿನಕಾಯಿ ಇಡುತ್ತಿದ್ದರು, ದೃಷ್ಟಿಗೆ. ಆ ಉಪ್ಪು ಎರಡು ದಿನ ಕಳೆಯುವುದರೊಳಗೆ ನೀರಾಗುತ್ತಿತ್ತು. ಮೊದಲ ಸಲ ಅದನ್ನು ನೋಡಿ ದೊಡ್ಡಮ್ಮ ತಲೆಯಾಡಿಸಿದರು. "ಕಣ್ಣು ಬಿದ್ದಿದೆ. ಅದಕ್ಕೇ ಹೀಗೆ ಎದ್ದಿರೋದು." ಯಾರ್ಯಾರು ಮಗು ನೋಡಲು ಬಂದಿದ್ದರು ಎಂದು ಲೆಕ್ಕ ಹಾಕಿದರು. ಆಮೇಲೆ ಯಾರನ್ನೂ ಒಳಗೆ ಬಿಡಲಿಲ್ಲ. ಬಾಗಿಲೂ ಮುಚ್ಚಿತು. ಹೊಸ ಉಪ್ಪು ಇಟ್ಟರು. ಅದೂ ನೀರಾಯಿತು.

ಹದಿನೈದನೇ ದಿನ ಆರೋಗ್ಯ ಕೇಂದ್ರದಿಂದ ಸಿಸ್ಟರ್ ಬಂದರು, ಮಗುವಿನ ತೂಕ ನೋಡಲು. ಹಳ್ಳಿಹಳ್ಳಿ ಸುತ್ತಿ ದಣಿದಿದ್ದ ಹೆಂಗಸು. ಕೋಣೆಗೆ ಕಾಲಿಟ್ಟವರೇ ಸೆರಗಿನಿಂದ ಮುಖ ಒರೆಸಿಕೊಂಡರು. ಮಗುವಿನ ಅಂಗಿ ಬಿಚ್ಚಿದಾಗ ಅವರ ಮುಖ ಗಂಟಾಯಿತು. ಕಂಕುಳಿನ ಎರಡು ಗುಳ್ಳೆ ಆಗಲೇ ಕೀವು ಕಟ್ಟಿತ್ತು.

"ಅಜ್ಜಿ, ಇದು ರೂಮೋ ಇಡ್ಲಿ ಪಾತ್ರೆಯೋ?" ಎಂದರು. "ಮಗೂನ ಬೇಯಿಸ್ತಾ ಇದೀರಲ್ಲ. ಮೊದ್ಲು ಕಿಟಕಿ ತೆಗೀರಿ. ಈ ಕಾಲದಲ್ಲೂ ಹಿಂಗೆಲ್ಲ ಮಾಡ್ತಾರಾ?"

ಸಿಸ್ಟರ್ ತಾವೇ ಹೋಗಿ ಎರಡೂ ಕಿಟಕಿ ಸರಿಸಿದರು, ಸಂದಿಯ ಬಟ್ಟೆಗಳು ನೆಲಕ್ಕೆ ಬಿದ್ದವು. ಹಚ್ಚಲು ಮುಲಾಮು ಬರೆದುಕೊಟ್ಟು, ಕೀವು ಹೆಚ್ಚಾದರೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ತನ್ನಿ ಎಂದು ಹೇಳಿ ಹೊರಟರು. ನಾನು ಹೇಳಬೇಕೆಂದಿದ್ದ ಮಾತನ್ನೇ ಅವರು ಹೇಳಿದ್ದರು. ಆದರೂ ದೊಡ್ಡಮ್ಮ ಬಗ್ಗಿ ಆ ಬಟ್ಟೆ ಚೂರುಗಳನ್ನು ಆರಿಸಿಕೊಳ್ಳುವುದನ್ನು ನೋಡುವಾಗ ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ.

ಮೂರು ಗಂಟೆಯ ಮಳೆಗೆ ಕಿಟಕಿಗಳು ಮತ್ತೆ ಮುಚ್ಚಿದವು. ಸಂಜೆ ನನ್ನ ಗಂಡ ಕಾಫಿಗೆ ಮೇಲೆ ಬಂದಾಗ ದೊಡ್ಡಮ್ಮ ಹೇಳಿದರು, "ನಾಳೆ ಬೆಳಿಗ್ಗೆ ಬಸ್ಸಿಗೆ ನಾನು ಹೊರಡ್ತೀನಿ ಮಾರಾಯ."

"ಯಾಕೆ ದೊಡ್ಡಮ್ಮ? ತಿಂಗಳು ಪೂರ್ತಿ ಇರ್ತೀನಿ ಅಂದಿದ್ರಿ."

"ಇಲ್ಲಿ ಗೊತ್ತಿರೋರು ಬರ್ತಾರಲ್ಲ. ನಾನು ಎಂತಕ್ಕೆ?"

ನನ್ನ ಗಂಡ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ.

ದೀಪ ಹಚ್ಚುವ ಹೊತ್ತಿಗೆ ಎದ್ದು ದೊಡ್ಡಮ್ಮನ ಹತ್ತಿರ ಹೋದೆ. ಹೊರಗಿನ ಕೋಣೆಯಲ್ಲಿ ಕೂತು ಪಂಚೆಯ ತುಂಡುಗಳನ್ನು ಮಡಿಸುತ್ತಿದ್ದರು. ತೆಗೆದುಕೊಂಡು ಹೋಗುವುದಕ್ಕಲ್ಲ, ನನಗೆ ಬಿಟ್ಟುಹೋಗುವುದಕ್ಕೆ. ಚಿಕ್ಕವು ಒಂದು ಕಡೆ, ಉದ್ದದವು ಇನ್ನೊಂದು ಕಡೆ.

"ಸಿಸ್ಟರ್ ಹಾಗಂದಾಗ ನಾನು ಸುಮ್ನೆ ಕೂತುಬಿಟ್ಟೆ. ನನ್ನದು ತಪ್ಪಾಯ್ತು," ಎಂದೆ.

"ನಿಂದೆಂತ ತಪ್ಪು. ನೀನೂ ಅದನ್ನೇ ಹೇಳ್ತಿದ್ದೆ." ಇನ್ನೆರಡು ತುಂಡು ಮಡಿಸಿದರು. ಆಮೇಲೆ ಕೈ ನಿಲ್ಲಿಸಿ, "ನಂಗೆ ಸಿಟ್ಟಲ್ಲ ಮಗಾ. ಅರ್ಥ ಆಗ್ತಿಲ್ಲ. ನಮ್ಮನೇಲಿ ನಂದೇ ಮೂರು ಬಾಣಂತನ, ಸೊಸೇದು ಎರಡು, ಊರಲ್ಲಿ ಎಷ್ಟೋ. ಒಂದು ಮಗೂಗೂ ಹೀಗೆ ಏಳ್ಲಿಲ್ಲ. ಇಲ್ಲೂ ಮಾಡಿದ್ದು ಅದೇ. ಒಂಚೂರೂ ಬೇರೆ ಮಾಡ್ಲಿಲ್ಲ. ಮತ್ತೆ ಎಂತಕ್ಕೆ ಹೀಗಾಯ್ತು?"

ಅವರು ನಿಜವಾಗಿಯೂ ನನ್ನನ್ನೇ ಕೇಳುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ನಾಲ್ಕು ತುಂಡು ಮಡಿಸಿದೆ.

ಬೆಳಿಗ್ಗೆ ದೊಡ್ಡಮ್ಮ ಹೊರಡುವ ಸೀರೆ ಉಟ್ಟು ಕೋಣೆಗೆ ಬಂದರು. ಹೋಗುವ ಮೊದಲು ಮಗುವಿಗೆ ಇನ್ನೊಂದು ಸಲ ದೃಷ್ಟಿ ತೆಗೆದು ಹೊಸ ಉಪ್ಪು ಇಡೋಣ ಎಂದು ಬಟ್ಟಲು ಎತ್ತಿಕೊಂಡರು. ಉಪ್ಪಿನ ಅರ್ಧ ಭಾಗ ನೀರಾಗಿ, ಮೆಣಸಿನಕಾಯಿ ಅದರಲ್ಲಿ ತೇಲುತ್ತಿತ್ತು. ಅಡುಗೆಮನೆಗೆ ಹೋದರು. ಮೊನ್ನೆ ಈ ಬಟ್ಟಲಿಗೆ ಹಾಕಿ ಉಳಿದ ಉಪ್ಪನ್ನು ಅವರೇ ಇನ್ನೊಂದು ಬಟ್ಟಲಿಗೆ ಸುರಿದು, ಒಲೆಯ ಪಕ್ಕದ ಕಲ್ಲಿನ ಮೇಲೆ ಮುಚ್ಚದೆ ಇಟ್ಟಿದ್ದರು. ಎಷ್ಟು ಹೊತ್ತಾದರೂ ಅವರು ವಾಪಸು ಬರಲಿಲ್ಲ. ಆಮೇಲೆ ಎರಡು ಕೈಯಲ್ಲಿ ಎರಡು ಬಟ್ಟಲು ಹಿಡಿದು ಬಂದು ಮಂಚದ ಮೇಲೆ ನನ್ನೆದುರು ಇಟ್ಟರು.

"ನೋಡಿಲ್ಲಿ. ಒಂದೇ ಪ್ಯಾಕೆಟ್ಟು, ಒಂದೇ ದಿನ ಹಾಕಿದ್ದು."

ಅಡುಗೆಮನೆಯ ಉಪ್ಪು ಹರಳು ಹರಳಾಗಿ ಹಾಗೇ ಇತ್ತು.

ದೊಡ್ಡಮ್ಮ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. ಈ ಬಟ್ಟಲಿಗೂ ಬೆರಳು ಅದ್ದಿದರು. ಎದ್ದು ಹೋಗಿ ಹಗ್ಗದ ಮೇಲಿನ ಬಟ್ಟೆಯೊಂದನ್ನು ಹಿಂಡಿ ಬಿಟ್ಟರು. ಗೋಡೆಗೆ ಅಂಗೈ ಒತ್ತಿ, ಆ ಅಂಗೈಯನ್ನು ಕೆನ್ನೆಗೆ ಇಟ್ಟುಕೊಂಡರು. ಅವರು ಐವತ್ತು ವರ್ಷ ಕಣದಲ್ಲಿ ಕಾಫಿ ಒಣಗಿಸಿದವರು, ಮೆಣಸು ಒಣಗಿಸಿದವರು. ಯಾವ ಕಾಳು ಚೀಲಕ್ಕೆ ತುಂಬಲು ಆಗಿದೆ, ಯಾವುದಕ್ಕೆ ಇನ್ನೊಂದು ಬಿಸಿಲು ಬೇಕು ಎಂದು ಕೈಗೆ ಹಾಕಿಕೊಂಡು ಹೇಳುವವರು. ಆ ಕೈಯೇ ಈಗ ಕೋಣೆಯನ್ನು ಮುಟ್ಟಿ ನೋಡುತ್ತಿದೆ ಎಂದು ನನಗೆ ಗೊತ್ತಾಯಿತು.

"ದೃಷ್ಟಿ ಆಗಿದ್ರೆ ಅಡುಗೆಮನೇಲೂ ಆಗ್ಬೇಕಿತ್ತು," ಎಂದರು ಕೊನೆಗೆ. "ಇದು ಥಂಡಿ, ತೇವ ಮಾರಾಯ್ತಿ. ಈ ರೂಮಲ್ಲಿ ಒಂದು ಚೀಲ ಮೆಣಸು ಇಟ್ಟಿದ್ರೆ ಇಷ್ಟೊತ್ತಿಗೆ ಬೂಷ್ಟು ಹಿಡೀತಿತ್ತು. ಮೆಣಸಾದ್ರೆ ನಾನು ಇಡ್ತಿದ್ನಾ ಇಲ್ಲಿ? ಮಗೂನ ಇಟ್ಟಿದೀನಿ."

"ನಿಮ್ಮನೇಲೂ ಹೀಗೇ ಮುಚ್ತಿದ್ರಲ್ಲ ದೊಡ್ಡಮ್ಮ?"

"ಮುಚ್ತಿದ್ವಿ. ಆದ್ರೆ ಅದು ಹೆಂಚಿನ ಮನೆ. ನಾವು ಕಿಟಕಿ ಮುಚ್ಚಿದ್ರೂ ಹೆಂಚಿನ ಸಂದಿಲಿ ಹಬೆ, ಹೊಗೆ ಎಲ್ಲ ಮೇಲೆ ಹೋಗೋದು. ಪಕ್ಕದಲ್ಲೇ ಬಚ್ಚಲ ಒಲೆ, ಬೆಳಿಗ್ಗೆಯಿಂದ ಸಂಜೆವರೆಗೂ ಉರೀತಿತ್ತು. ಗೋಡೆ ಬೆಚ್ಚಗೆ ಇರೋದು, ಒಣಗಿರೋದು. ಇಲ್ಲಿ?" ತಲೆಯೆತ್ತಿ ತಾರಸಿ ನೋಡಿದರು. "ಇಲ್ಲಿಂದ ಎಲ್ಲಿಗೆ ಹೋಗ್ತದೆ ಅದು? ನಾವೇ ದಿನಾ ಹಂಡೆಗಟ್ಟಲೆ ನೀರು ತಂದು ಸುರೀತಿದೀವಿ, ಬಾಗಿಲು ಹಾಕ್ತಿದೀವಿ."

ನನ್ನ ಗಂಡ ದೊಡ್ಡಮ್ಮನ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು, "ದೊಡ್ಡಮ್ಮ, ಬಸ್ಸಿಗೆ ಹೊತ್ತಾಯ್ತು," ಎಂದರು.

"ಬಸ್ಸು ನಾಳೆನೂ ಬರ್ತದೆ. ನೀನು ಮೊದ್ಲು ಆ ಬೀರು ಎಳೆ."

ಅಂದು ಅಂಗಡಿ ಬಾಗಿಲು ತೆರೆದದ್ದು ಹನ್ನೊಂದು ಗಂಟೆಗೆ. ಬೀರುವನ್ನು ಗೋಡೆಯಿಂದ ಎಳೆದಾಗ ಅದರ ಹಿಂದೆ ಆಳೆತ್ತರಕ್ಕೆ ಕಪ್ಪು ಬೂಷ್ಟು ಹಬ್ಬಿತ್ತು. ಎರಡು ವರ್ಷದ ಹೊಸ ಮನೆ. ದೊಡ್ಡಮ್ಮ ನನ್ನನ್ನೂ ಮಗುವನ್ನೂ ಹೊರಗಿನ ಕೋಣೆಗೆ ಕಳಿಸಿ, ನನ್ನ ಗಂಡನ ಕೈಯಲ್ಲಿ ಗೋಡೆ ಉಜ್ಜಿಸಿ, ಒರೆಸಿ, ಫ್ಯಾನಿನ ಸ್ವಿಚ್ಚಿನ ಪ್ಲಾಸ್ಟರ್ ತಾವೇ ಕಿತ್ತು, ಫ್ಯಾನು ಹಾಕಿ ಮಧ್ಯಾಹ್ನದವರೆಗೂ ಒಣಗಿಸಿದರು. ಹಾಸಿಗೆ ತಾರಸಿಯ ಬಿಸಿಲಿಗೆ ಹೋಯಿತು. ಮಗುವಿನ ಅಡಿಗೆ ಹಾಸುತ್ತಿದ್ದ ರಬ್ಬರ್ ಶೀಟು ಹೋಗಿ, ಅದರ ಜಾಗಕ್ಕೆ ನಾಲ್ಕು ಮಡಿಕೆಯ ಪಂಚೆ ಬಂತು. ಒದ್ದೆಯಾದರೆ ಬದಲಾಯಿಸುವುದು, ಅಷ್ಟೇ. ಬಟ್ಟೆಯ ಹಗ್ಗ ತಾರಸಿಯ ಮೆಟ್ಟಿಲ ಮೇಲಿನ ಶೀಟಿನ ಮಾಡಿಗೆ ಹೋಯಿತು. ಅಲ್ಲಿ ಮಳೆ ತಾಗುವುದಿಲ್ಲ, ಗಾಳಿ ಎರಡೂ ಕಡೆಯಿಂದ ಹಾಯುತ್ತದೆ. ಪೂರ್ತಿ ಒಣಗದ ಬಟ್ಟೆಗೆ ಇಸ್ತ್ರಿ. ಸ್ನಾನ ಇನ್ನು ಮೇಲೆ ಮನೆಯ ಹಿಂಬದಿಯ ಇನ್ನೊಂದು ಬಚ್ಚಲಲ್ಲಿ, ಅದರ ಬಾಗಿಲು ಹಾಕಿ, ಹಬೆ ಹೊರಗೆ ಹೋಗುವ ಕಿಂಡಿ ತೆರೆದು.

ಕಿಟಕಿಯ ವಿಷಯದಲ್ಲಿ ಮಾತ್ರ ಅವರು ಪೂರ್ತಿ ಸೋಲಲಿಲ್ಲ. ಸ್ನಾನ, ಧೂಪ ಮುಗಿದ ಮೇಲೆ ನಾನೂ ಮಗುವೂ ಹೊರಗಿನ ಕೋಣೆಯಲ್ಲಿರುವಾಗ ಎರಡೂ ಕಿಟಕಿ ಹಾರುಹೊಡೆದು ಗಾಳಿಯಾಡಿಸುವುದು. ಆಮೇಲೆ ದಿನವಿಡೀ ಒಂದು ಕಿಟಕಿ ಅರ್ಧ, ಅದೂ ಮಂಚಕ್ಕೆ ದೂರದ್ದು. ಮಳೆ ಸುರಿಯುವಾಗ ಮುಚ್ಚುವುದು, ನಿಂತ ಮೇಲೆ ತೆರೆಯುವುದು. ಫ್ಯಾನು ಸಣ್ಣಗೆ. ಕಿವಿಯ ಹತ್ತಿ, ತಲೆಯ ಬಟ್ಟೆ ನನಗೆ ತಪ್ಪಲಿಲ್ಲ. ಉಣ್ಣೆಯ ಸ್ಕಾರ್ಫಿನ ಬದಲು ತೆಳ್ಳನೆ ಹತ್ತಿ ಬಟ್ಟೆಯಾಯಿತು. ಅದು ನನಗೆ ಸಿಕ್ಕ ರಿಯಾಯಿತಿ. ಮಗುವಿನ ಕುಲಾವಿ ಮಧ್ಯಾಹ್ನದ ಹೊತ್ತು ತೆಗೆಯುವುದಕ್ಕೂ ಒಪ್ಪಿದರು.

ಎರಡನೆಯ ಸಂಜೆ ಭರಣಿ ಮಳೆ ಜೋರಾಗಿ ಹೊಡೆದು ನಿಂತಿತು. ಕಿಟಕಿ ಅರ್ಧ ತೆರೆದಿತ್ತು. ತಂಪು ಗಾಳಿ ಬರುತ್ತಿತ್ತು. ಮಗು ಒಂದು ಸಲ ಸೀನಿತು. ಇನ್ನೊಂದು ಸೀನು. ಎಲ್ಲ ನನ್ನಿಂದಲೇ ಆಯಿತು, ಇವರ ಮಾತು ಕೇಳಬೇಕಿತ್ತು ಎನ್ನಿಸಿ, ಎದ್ದು ಓಡಿ ಕಿಟಕಿ ಮುಚ್ಚಿ, ನೆಲದ ಮೇಲೆ ಆ ಬಟ್ಟೆ ಚೂರುಗಳು ಎಲ್ಲಿವೆ ಎಂದು ಹುಡುಕತೊಡಗಿದೆ. ದೊಡ್ಡಮ್ಮ ಮಗುವನ್ನು ಎತ್ತಿಕೊಂಡು, ಮೂಗು ನೋಡಿ, ಎದೆಗೆ ಕಿವಿಯಿಟ್ಟು ಕೇಳಿ, ಪಾದ ಮುಟ್ಟಿ ನೋಡಿದರು.

"ಬಿಡು ಮಗಾ. ಮೂಗು ಕಟ್ಟಿಲ್ಲ, ಎದೆ ಸ್ವಚ್ಛ ಇದೆ, ಕಾಲು ಬೆಚ್ಚಗಿದೆ. ಸೀನಿದ ಮಕ್ಕಳೆಲ್ಲ ಶೀತ ಆಗಿ ಮಲಗಿದ್ರೆ ಊರಲ್ಲಿ ಯಾರೂ ಇರ್ತಿರ್ಲಿಲ್ಲ."

"ಭಯ ಆಗ್ತದೆ ದೊಡ್ಡಮ್ಮ."

"ಆಗ್ತದೆ. ನಂಗೂ ಆಗ್ತದೆ. ಅದಕ್ಕೇ ಅಲ್ವಾ ನಾನು ಮುಚ್ಚಿ ಕೂತಿದ್ದು?"

ಅವರು ಮಗುವನ್ನು ಪಂಚೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ತಾವೇ ಹೋಗಿ ಕಿಟಕಿಯನ್ನು ಒಂದು ಗೇಣು ಸರಿಸಿ ಬಂದರು.

ಬೆವರುಸಾಲೆ ಒಂದೇ ದಿನಕ್ಕೆ ಹೋಗಲಿಲ್ಲ. ಕೀವು ಕಟ್ಟಿದ ಗುಳ್ಳೆಗಳು ಮುಲಾಮಿನಿಂದ ಒಣಗಲು ನಾಲ್ಕೈದು ದಿನ ಹಿಡಿಯಿತು. ಬೆನ್ನಿನದು ಮಾಸಿ, ಸಿಪ್ಪೆಯೆದ್ದು, ನಿಧಾನಕ್ಕೆ ಚರ್ಮ ನುಣುಪಾಯಿತು. ಮಗು ಮೊದಲ ಸಲ ಮಧ್ಯಾಹ್ನ ಮೂರು ಗಂಟೆ ಹೊತ್ತು ಒಂದೇ ಸಮನೆ ಮಲಗಿದ ದಿನ ನಾನೂ ದೊಡ್ಡಮ್ಮನೂ ಅದು ಉಸಿರಾಡುತ್ತಿದೆಯೇ ಎಂದು ಎರಡೆರಡು ಸಲ ಬಗ್ಗಿ ನೋಡಿದೆವು. ಆಮೇಲೆ ಏನು ಮಾಡಬೇಕೆಂದು ತೋಚದೆ ಇಬ್ಬರೂ ಊಟದ ತಟ್ಟೆ ಹಿಡಿದು ಎದುರುಬದುರು ಕೂತೆವು. ಆ ಮನೆಯಲ್ಲಿ ಅಷ್ಟು ನಿಧಾನಕ್ಕೆ ಊಟ ಮಾಡಿ ಎಷ್ಟೋ ದಿನವಾಗಿತ್ತು.

ಮುಂದಿನ ವಾರ ಸಿಸ್ಟರ್ ಮತ್ತೆ ಬಂದರು. ಅವರು ಕೇಳುವ ಮೊದಲೇ ದೊಡ್ಡಮ್ಮ ಕೋಣೆಯನ್ನೆಲ್ಲ ತೋರಿಸಿದರು. ಬಟ್ಟೆ ಎಲ್ಲಿ ಒಣಗುತ್ತದೆ, ಹಬೆ ಎಲ್ಲಿಂದ ಹೋಗುತ್ತದೆ, ಬೀರು ಗೋಡೆಯಿಂದ ಎಷ್ಟು ದೂರ ನಿಂತಿದೆ. "ತಾರಸಿ ಮನೇಲಿ ಹೀಗೇ ಮಾಡ್ಬೇಕು," ಎಂದು ಸಿಸ್ಟರಿಗೇ ವಿವರಿಸಿದರು. ಸಿಸ್ಟರ್ ಎಲ್ಲವನ್ನೂ ಕೇಳಿಸಿಕೊಂಡು, "ಅಜ್ಜಿ, ನೀವು ನಮ್ಮ ಜೊತೆ ಮನೆ ಮನೆಗೆ ಬಂದು ಹೇಳ್ಬೇಕು," ಎಂದರು. ಈ ಸಲ ಅವರ ದನಿಯಲ್ಲಿ ದಣಿವಿರಲಿಲ್ಲ. ದೊಡ್ಡಮ್ಮ ಅವರಿಗೆ ಕಾಫಿ ಕೊಟ್ಟರು. ಸಕ್ಕರೆ ಸಾಕಾ ಎಂದೂ ಕೇಳಿದರು.

ತಿಂಗಳು ಎಂದಿದ್ದು ಒಂದೂವರೆ ತಿಂಗಳಾಯಿತು. ಮುಂಗಾರು ಹಿಡಿಯುವ ಮೊದಲು ಮನೆ ಸೇರಬೇಕೆಂದು ದೊಡ್ಡಮ್ಮ ಜೂನ್ ಮೊದಲ ವಾರ ಹೊರಟರು. ನಾನು ಮಗುವನ್ನು ಎತ್ತಿಕೊಂಡು ಗಂಡನ ಜೊತೆ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಮನೆಯಿಂದ ನಾಲ್ಕು ಹೆಜ್ಜೆ. ಕಳಸದ ಬಸ್ಸು ಇನ್ನೂ ಬಂದಿರಲಿಲ್ಲ. ಬೆಂಚಿನ ಮೇಲೆ ಕೂತು ದೊಡ್ಡಮ್ಮ ಮಗುವಿನ ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದರು.

"ಆ ಸಿಸ್ಟರ್ ಅವತ್ತು ಹೇಳಿದ್ದು ಸರಿನೇ," ಎಂದರು ಇದ್ದಕ್ಕಿದ್ದಂತೆ. "ಹೇಳಿದ ರೀತಿ ಸರಿ ಇರ್ಲಿಲ್ಲ. ನೀನು ಯಾರಿಗಾದ್ರೂ ಹೇಳುವಾಗ ಹಾಗೆ ಹೇಳ್ಬೇಡ."

"ಇಲ್ಲ ದೊಡ್ಡಮ್ಮ."

"ನಾನೂ ನಿಂಗೆ ಒಂದು ಮಾತು ಕೇಳ್ಬಹುದಿತ್ತು. ಸೆಕೆ ಆಗ್ತದಾ ಅಂತ. ಕೇಳ್ಲಿಲ್ಲ."

ಅಷ್ಟರಲ್ಲಿ ಬಸ್ಸು ಬಂತು. ನನ್ನ ಗಂಡ ಬ್ಯಾಗು ಹಿಡಿದು ಸೀಟು ಹಿಡಿಯಲು ಓಡಿದರು. ನಾನು ಬಗ್ಗಿ ಕಾಲು ಮುಟ್ಟಲು ಹೋದರೆ, ಮಗು ಕೈಯಲ್ಲಿರುವಾಗ ಬಗ್ಗಬೇಡ ಎಂದು ಭುಜ ಹಿಡಿದು ನಿಲ್ಲಿಸಿ, ನನ್ನ ತಲೆ ಸವರಿ ಬಸ್ಸು ಹತ್ತಿದರು.

ಆ ದಿನ ಮಗುವಿಗೆ ನಾನೊಬ್ಬಳೇ ಸ್ನಾನ ಮಾಡಿಸಿದೆ. ಎರಡೂ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಮೊಣಕೈಯಿಂದ ನೀರಿನ ಬಿಸಿ ನೋಡಿಕೊಂಡೆ. ಒಂದು ಕೈಯಲ್ಲಿ ಅದರ ಹಣೆಗೆ ಅಡ್ಡ ಹಿಡಿದು ಇನ್ನೊಂದರಲ್ಲಿ ನೀರು ಹಾಕುವುದು ನೋಡುವಾಗ ಎಷ್ಟು ಸುಲಭವಾಗಿತ್ತು. ಹಣೆಗೆ ಹಿಡಿದ ಕೈ ಸರಿದು, ನೀರು ಮೂಗಿಗೆ ಹೋಗಿ, ಮಗು ಕಿರುಚಿತು. ಒರೆಸುವಾಗಲೂ ಕಿರುಚಿತು. ಕತ್ತಿನ ಮಡಿಕೆ, ಕಂಕುಳು, ತೊಡೆಸಂದಿ, ಒಂದೊಂದನ್ನೂ ಬಿಡಿಸಿ ಒಣಗುವವರೆಗೆ ಒತ್ತಿ ಒರೆಸಿದೆ. ಹಾಲು ಕುಡಿದು, ಬಿಕ್ಕುತ್ತ ಬಿಕ್ಕುತ್ತ ಅದು ಮಲಗಿತು.

ಮಧ್ಯಾಹ್ನ ದೊಡ್ಡಮ್ಮನ ಫೋನು ಬಂತು. ಮನೆ ತಲುಪಿದ್ದರು. ಹಿಂದೆ ಮೊಮ್ಮಕ್ಕಳ ಗಲಾಟೆ ಕೇಳುತ್ತಿತ್ತು.

"ಸ್ನಾನ ಆಯ್ತಾ?"

"ಆಯ್ತು. ತುಂಬ ಅತ್ತಳು."

"ಅಳ್ತದೆ. ಕೈ ಬದಲಾಯ್ತಲ್ಲ. ಮಲಗ್ತಾ?"

"ಮಲಗಿದೆ."

"ನೀನು ಉಂಡ್ಯಾ?"

ಇನ್ನೂ ಇಲ್ಲ ಎಂದೆ.

"ಹೋಗಿ ಉಣ್ಣು ಮೊದ್ಲು. ಮೆಣಸಿನ ಸಾರು ಸಣ್ಣ ಪಾತ್ರೇಲಿ ಮುಚ್ಚಿಟ್ಟು ಬಂದಿದೀನಿ," ಎಂದು ಹೇಳಿ ಫೋನು ಇಟ್ಟರು.